ಹುಡುಕಲು ಹೊರಡುವ ಮುನ್ನ

ಮಕ್ಕಳೇ, ಮಳೆಗಾಲ ಬಂತೆಂದರೆ ನಮ್ಮ ಘಟ್ಟದ ಸೀಮೆಯಲ್ಲಿ ಒಂದಲ್ಲ ಒಂದು ಕಡೆಯಿಂದ ಸುದ್ದಿ ಬರುತ್ತದೆ. ಗುಡ್ಡ ಜರಿದಿದೆ, ಹೊಳೆಗೆ ಇಳಿದವನು ಕಾಣುತ್ತಿಲ್ಲ, ಬೆಟ್ಟ ಹತ್ತಲು ಹೋದ ಪೇಟೆ ಹುಡುಗರು ಕತ್ತಲಾದರೂ ಇಳಿದಿಲ್ಲ. ಕೇಳಿದ ಕೂಡಲೇ ಬೈಕ್ ಹತ್ತಿ ಹೊರಡುವವರು ನೀವು. ಕರುಳು ದೊಡ್ಡದು, ಕಾಲೂ ಗಟ್ಟಿ, ಸಂತೋಷ. ಆದರೆ ಹುಡುಕಲು ಹೋದವನನ್ನೇ ಹುಡುಕುವ ಗತಿ ಬಂದರೆ, ಮೊದಲು ಸಿಕ್ಕಿಬಿದ್ದವನಿಗೆ ಸಲ್ಲಬೇಕಾದ ಹಗ್ಗ, ಸ್ಟ್ರೆಚರ್, ಹೊತ್ತು ಎಲ್ಲವೂ ನಿಮಗೆ ಖರ್ಚಾಗುತ್ತದೆ. ನೀವು ಕ್ಷೇಮವಾಗಿ ಮನೆಗೆ ಮರಳುವುದೂ ಈ ಸೇವೆಯ ಒಂದು ಭಾಗ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಮುಳುಗುತ್ತಿರುವವನು ಕೈಗೆ ಸಿಕ್ಕಿದ್ದನ್ನು ತಬ್ಬುತ್ತಾನೆ. ಅದು ನಿಮ್ಮ ಕುತ್ತಿಗೆಯಾದರೆ ಇಬ್ಬರ ಕಥೆಯೂ ಮುಗಿಯಿತು. ಈಜು ಬರುತ್ತದೆ ಎಂದು ಹಾರಬೇಡಿ. ದಡದಲ್ಲಿ ಮಲಗಿ ಬಿದಿರು ಚಾಚಿ. ಎಟುಕದಿದ್ದರೆ ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಬಾಳೆದಿಂಡು, ಏನಾದರೂ ಎಸೆಯಿರಿ. ಅದೂ ಆಗದಿದ್ದರೆ ದೋಣಿ. ನೀರಿಗಿಳಿಯುವುದು ಕಟ್ಟಕಡೆಯ ದಾರಿ, ಅದೂ ತರಬೇತಿ ಪಡೆದವರಿಗೆ ಮಾತ್ರ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹೊಳೆಗೆ ಇಳಿಯುವವರಿದ್ದಾರೆ. ಸೆಳೆತ ಜೋರಿದ್ದರೆ ಆ ಹಗ್ಗವೇ ಮನುಷ್ಯನನ್ನು ನೀರಿನಡಿ ಹಿಡಿದಿಟ್ಟೀತು.

ಅಂಕೋಲಾದ ಶಿರೂರು ನೆನಪಿದೆಯಲ್ಲ? 2024ರ ಜುಲೈ 16ರಂದು ಗುಡ್ಡ ಜರಿದು, ಹೆದ್ದಾರಿಯಲ್ಲಿದ್ದ ಲಾರಿ ಗಂಗಾವಳಿ ನದಿಯ ಪಾಲಾಯಿತು. ಮಲ್ಪೆಯ ಮುಳುಗು ತಜ್ಞ ಈಶ್ವರ್ ಅಂಥವರು ಇಳಿದರೂ ಸೆಳೆತ ಬಿಡಲಿಲ್ಲ, ಕಾರ್ಯಾಚರಣೆಯನ್ನೇ ನಿಲ್ಲಿಸಬೇಕಾಯಿತು. ಕೊನೆಗೆ ಗೋವಾದಿಂದ ಡ್ರೆಜರ್ ತರಿಸಿದ ಮೇಲೆ, ಸೆಪ್ಟೆಂಬರ್ 25ಕ್ಕೆ ಲಾರಿ ಮೇಲೆ ಬಂತು. ನುರಿತವರೇ ತಡೆದು ನಿಲ್ಲುವ ಕಡೆ ನೀವು ಧುಮುಕಿದರೆ ಅದು ಹುಂಬತನ.

ಕಾಡಿನಲ್ಲಿ ಹತ್ತು ಜನ ಹತ್ತು ದಿಕ್ಕಿಗೆ ಓಡಿದರೆ ಹೆಜ್ಜೆ ಗುರುತೆಲ್ಲ ಅಳಿಸಿಹೋಗುತ್ತದೆ. ಮೊದಲು ಮನೆಯವರನ್ನು, ಜೊತೆಗಿದ್ದವರನ್ನು ಕೂರಿಸಿಕೊಂಡು ಕೇಳಿ: ಕೊನೆಗೆ ಕಂಡದ್ದೆಲ್ಲಿ, ಎಷ್ಟು ಹೊತ್ತಿಗೆ, ಅಂಗಿಯ ಬಣ್ಣ ಯಾವುದು, ಕಾಲಿಗೆ ಚಪ್ಪಲಿಯೋ ಬೂಟೋ, ದಿನಾ ನುಂಗುವ ಮಾತ್ರೆ ಇದೆಯೇ? ಕೊನೆಗೆ ಕಂಡ ಜಾಗವನ್ನು ಯಾರೂ ತುಳಿಯದಂತೆ ಕಾಯಿರಿ. ಆಮೇಲೆ ಪಕ್ಕದವರು ಕಣ್ಣಿಗೆ ಬೀಳುವಷ್ಟು ಅಂತರದಲ್ಲಿ ಸಾಲು ಹಿಡಿದು ನಡೆಯಿರಿ. ಹೆಸರು ಹಿಡಿದು ಕೂಗಿ. ಕೂಗಿದ ಮೇಲೆ ಎಲ್ಲರೂ ಒಟ್ಟಿಗೆ ನಿಂತು, ಮಾತು ನಿಲ್ಲಿಸಿ, ಕಿವಿಗೊಡಿ. ಕಾಲು ಮುರಿದು ಪೊದೆಯಲ್ಲಿ ಬಿದ್ದವನ ನರಳಾಟ ನಿಮ್ಮ ರೈನ್‌ಕೋಟಿನ ಸರಬರ ಸದ್ದಿನಲ್ಲೇ ಮುಚ್ಚಿಹೋಗಬಹುದು. ಆಗಾಗ ಹಿಂತಿರುಗಿಯೂ ನೋಡಿ. ಹೋಗುವಾಗ ಬಂಡೆ ಮರೆಮಾಡಿದ್ದು ಆ ಕಡೆಯಿಂದ ಕಂಡೀತು.

ನಿಮಗೇ ದಾರಿ ತಪ್ಪಿದರೆ ಅಲ್ಲೇ ನಿಲ್ಲಿ. ಝರಿ ಹಿಡಿದು ಇಳಿದರೆ ಊರು ಸಿಗುತ್ತದೆ ಎನ್ನುವವರ ಮಾತು ನಂಬಿ ಹೊರಡಬೇಡಿ. ಘಟ್ಟದ ಝರಿ ಊರು ಮುಟ್ಟುವ ಮೊದಲು ಎಷ್ಟು ಕಡೆ ಅಬ್ಬಿಯಾಗಿ ಧುಮುಕುತ್ತದೋ ಯಾರು ಬಲ್ಲರು? ಸಿಗ್ನಲ್ ಇದ್ದರೆ 112ಕ್ಕೆ ಕರೆ ಮಾಡಿ, ಬ್ಯಾಟರಿ ಉಳಿಸಿಕೊಳ್ಳಿ. ಮೂರು ಮೂರು ಸಲ ಸೀಟಿ ಊದುತ್ತಿರಿ. ಗಂಟಲಿಗಿಂತ ಸೀಟಿ ಹೆಚ್ಚು ಹೊತ್ತು ಬಾಳುತ್ತದೆ.

ಚಳಿಯನ್ನು ಹಗುರವಾಗಿ ಎಣಿಸಬೇಡಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡದಲ್ಲಿ ನಮ್ಮ ಕರ್ನಾಟಕದವರೇ ಹೆಚ್ಚು. ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ಮೈ ಸೆಟೆಯಲು ಹಿಮವೇ ಬೇಕಿಲ್ಲ, ಕುದುರೆಮುಖದ ಮಳೆಗಾಳಿಯಲ್ಲಿ ತೊಯ್ದ ಬಟ್ಟೆಯೂ ಸಾಕು. ಗಡಗಡ ನಡುಗುತ್ತಿದ್ದವನ ನಡುಕ ನಿಂತು, ಮಾತು ತೊದಲಿ, ಹೆಜ್ಜೆ ತಪ್ಪತೊಡಗಿದರೆ ಸುಧಾರಿಸಿದ ಎಂದುಕೊಳ್ಳಬೇಡಿ; ಅಪಾಯ ಮಿತಿಮೀರಿದ ಗುರುತು ಅದು. ಒದ್ದೆ ಬಟ್ಟೆ ಬಿಚ್ಚಿಸಿ, ಒಣಗಿದ್ದು ಹೊದಿಸಿ, ನೆಲದ ತಂಡಿ ತಾಗದಂತೆ ದಪ್ಪಗೆ ಹಾಸಿ ಮಲಗಿಸಿ. ಎಚ್ಚರವಿದ್ದರೆ ಬೆಚ್ಚಗಿನ ಬೆಲ್ಲದ ನೀರು ಕುಡಿಸಿ. ಬ್ರಾಂಡಿ ಮಾತ್ರ ಬೇಡ, ಕೈಕಾಲು ತಿಕ್ಕುವುದೂ ಬೇಡ. ನಿಮ್ಮ ಚೀಲದಲ್ಲಿ ತಲೆಗೆ ಕಟ್ಟುವ ಟಾರ್ಚು, ಸೀಟಿ, ಟಾರ್ಪಾಲಿನ ತುಂಡು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಣ ಬನಿಯನ್ನು, ಬೆಲ್ಲ, ಶೇಂಗಾ, ಇಂಬಳಕ್ಕೆ ಒಂದಿಷ್ಟು ಉಪ್ಪು ಸದಾ ಇರಲಿ.

ನಿಮಗೆ ಕಷ್ಟವೆನಿಸುವ ಮಾತೊಂದಿದೆ: ಹೇಳಿದಂತೆ ಕೇಳುವುದು. “ನೀನಿಲ್ಲೇ ನಿಂತು, ಒಳಗೆ ಹೋದವರ, ಹೊರಗೆ ಬಂದವರ ಹೆಸರು ಬರೆದುಕೋ” ಎಂದರೆ ಮುಖ ಸಣ್ಣದು ಮಾಡಬೇಡಿ. ಕತ್ತಲಾದಾಗ ಯಾರು ಇನ್ನೂ ಒಳಗಿದ್ದಾರೆ ಎಂದು ಹೇಳಬಲ್ಲದ್ದು ಆ ಪಟ್ಟಿ ಒಂದೇ. ನಾಯಕ ಸಾಕು, ಹಿಂದಿರುಗಿ ಎಂದರೆ ಹಿಂದಿರುಗಿ. ಹೆಣ ಸಿಕ್ಕರೆ ಫೋಟೊ ತೆಗೆಯಬೇಡಿ, ವಾಟ್ಸ್ಆ್ಯಪಿಗೆ ಹಾಕಲೇಬೇಡಿ. ಆ ಸುದ್ದಿ ತಾಯಿಗೆ ಮೊಬೈಲಿನಿಂದ ತಿಳಿಯಬಾರದು.

ಇದನ್ನೆಲ್ಲ ನನ್ನ ಬಾಯಿಂದ ಕೇಳಿದರೆ ಸಾಲದು, ಕೈಗೆ ರೂಢಿಯಾಗಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆ 18ರಿಂದ 40 ವರ್ಷದೊಳಗಿನವರಿಗೆ 12 ದಿನಗಳ ತರಬೇತಿ ಕೊಡುವಂತೆ ರೂಪಿಸಿದ್ದು. ನಿಮ್ಮ ಜಿಲ್ಲೆಯಲ್ಲಿ ಮುಂದಿನ ತಂಡ ಯಾವಾಗ ಎಂದು ಡಿಸಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ವಿಚಾರಿಸಿ. ಗೃಹರಕ್ಷಕ ದಳದ ಬಾಗಿಲೂ ತಟ್ಟಿ. ಮಳೆ ಹಿಡಿದ ಮೇಲೆ ಗಂಟು ಕಲಿಯಲು ಕೂತರೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಬೇಸಿಗೆ ಮುಗಿಯುವುದರೊಳಗೆ ಹೆಸರು ಬರೆಸಿ, ಹೋಗುವಾಗ ಜೊತೆಗೆ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ. ಈ ಕೆಲಸಕ್ಕೆ ಒಂಟಿಯಾಗಿ ಯಾರೂ ಹೋಗಬಾರದು.