‘ಸಂಶೋಧನೆ ಹೇಳಿದೆ’ ಎಂಬ ಸುದ್ದಿಯನ್ನು ಓದುವುದು ಹೇಗೆ?

‘ಇಂಥ ಮಾತ್ರೆ ಇಂಥ ರೋಗಕ್ಕೆ ರಾಮಬಾಣವೆಂದು ಸಂಶೋಧನೆ ಹೇಳಿದೆ’ ಎಂಬ ಸುದ್ದಿಯನ್ನು ನೀವು ಆಗಾಗ ಓದುತ್ತೀರಿ. ಸ್ವಲ್ಪ ದಿನಗಳಲ್ಲೇ ಅದಕ್ಕೆ ತದ್ವಿರುದ್ಧವಾದ ಸುದ್ದಿಯೂ ಬರುತ್ತದೆ. ಯಾವುದನ್ನು ನಂಬಬೇಕು? ಕೊರೊನಾ ಕಾಲದ ಎರಡು ಔಷಧಗಳ ಕಥೆ ಇಲ್ಲಿ ನೆರವಿಗೆ ಬರುತ್ತದೆ. ಎರಡೂ ಹಳೆಯವು, ಅಗ್ಗದವು. ಎರಡರ ಹಣೆಬರಹವೂ ತೀರ್ಮಾನವಾದದ್ದು 2020ರ ಜೂನ್ ತಿಂಗಳ ಮೊದಲ ಹದಿನಾರು ದಿನಗಳಲ್ಲಿ.

ಮೊದಲನೆಯದು ಹೈಡ್ರಾಕ್ಸಿಕ್ಲೋರೋಕ್ವಿನ್. ಮಲೇರಿಯಾ, ಸಂಧಿವಾತ, ಲೂಪಸ್ ರೋಗಗಳಿಗೆ ಬಹುಕಾಲದಿಂದ ಕೊಡುತ್ತಿರುವ ಮಾತ್ರೆ. 2020ರ ಮಾರ್ಚ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕೊರೊನಾ ರೋಗಿಗಳ ಆರೈಕೆಯಲ್ಲಿದ್ದ ವೈದ್ಯಕೀಯ ಸಿಬ್ಬಂದಿಗೂ ರೋಗಿಗಳ ಮನೆಯವರಿಗೂ ಇದನ್ನು ಮುನ್ನೆಚ್ಚರಿಕೆಯಾಗಿ ಸೂಚಿಸಿತು. ಆದರೆ ಕೊಂಡಿಟ್ಟುಕೊಂಡವರು ಅವರಷ್ಟೇ ಅಲ್ಲ. ನಿತ್ಯ ಇದನ್ನೇ ನಂಬಿದ್ದ ಸಂಧಿವಾತದ ರೋಗಿಗಳು ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಯಿತು.

ಮೇ 22ರಂದು ‘ಲ್ಯಾನ್ಸೆಟ್’ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. 671 ಆಸ್ಪತ್ರೆಗಳ ಸುಮಾರು 96 ಸಾವಿರ ರೋಗಿಗಳ ದಾಖಲೆ ನೋಡಿದ್ದೇವೆ, ಈ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಹೆಚ್ಚು ಎಂದು ಅದು ಸಾರಿತು. ಮೂರೇ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಈ ಔಷಧವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅಷ್ಟರಲ್ಲಿ ಕೆಲವರಿಗೆ ಅನುಮಾನ ಹುಟ್ಟಿತ್ತು. ಆಸ್ಟ್ರೇಲಿಯದಲ್ಲಿ ಸತ್ತವರೆಂದು ಪ್ರಬಂಧ ತೋರಿಸಿದ ಸಂಖ್ಯೆ, ಪ್ರಬಂಧವು ಲೆಕ್ಕ ಹಾಕಿದ ದಿನದವರೆಗೆ ಇಡೀ ದೇಶದಲ್ಲಿ ದಾಖಲಾಗಿದ್ದ ಕೊರೊನಾ ಸಾವುಗಳಿಗಿಂತ ಹೆಚ್ಚಾಗಿತ್ತು! ದಾಖಲೆ ಒದಗಿಸಿದ್ದ ‘ಸರ್ಜಿಸ್ಫಿಯರ್’ ಎಂಬ ಅಮೆರಿಕದ ಕಂಪನಿ ಮೂಲ ಅಂಕಿಅಂಶಗಳನ್ನು ಪರಿಶೀಲನೆಗೆ ಕೊಡಲು ಒಪ್ಪಲಿಲ್ಲ. ಜೂನ್ 4ರಂದು ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು.

ಪ್ರಕಟಣೆಗೆ ಮುನ್ನ ಪ್ರಬಂಧವನ್ನು ಬೇರೆ ತಜ್ಞರು ಓದುತ್ತಾರಲ್ಲವೇ ಎಂದು ನೀವು ಕೇಳಬಹುದು. ಓದುತ್ತಾರೆ. ಆದರೆ ಅವರು ಸಾಮಾನ್ಯವಾಗಿ ನೋಡುವುದು ಬರೆದುಕೊಟ್ಟದ್ದನ್ನು, ಆಸ್ಪತ್ರೆಯ ಕಡತವನ್ನಲ್ಲ. ಸಂಶೋಧನಾ ಲೋಕ ಇಂದಿಗೂ ಎದುರಿಸುತ್ತಿರುವ ತೊಡಕು ಇದು.

ಮರುದಿನವೇ, ಜೂನ್ 5ರಂದು, ಬ್ರಿಟನ್ನಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ನಡೆಸುತ್ತಿದ್ದ ‘ರಿಕವರಿ’ ಎಂಬ ದೊಡ್ಡ ಪ್ರಯೋಗವೂ ಫಲಿತಾಂಶ ಹೇಳಿತು: ಆಸ್ಪತ್ರೆ ಸೇರಿದ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಪ್ರಯೋಜನವಿಲ್ಲ. ಹಾಗಾದರೆ ಮೊದಲ ಪ್ರಬಂಧವೂ ಅರ್ಧ ಸರಿಯಾಗಿತ್ತಲ್ಲ? ಲೆಕ್ಕ ಬಿಡಿಸಿ ತೋರಿಸದೆ ಉತ್ತರ ಮಾತ್ರ ಬರೆದ ಹುಡುಗನಿಗೆ ಮೇಷ್ಟ್ರು ಅಂಕ ಕೊಡುವುದಿಲ್ಲ, ಇಲ್ಲಿಯೂ ಹಾಗೆಯೇ.

ರಿಕವರಿಯ ವಿಶೇಷವೇನು? ಯಾವ ರೋಗಿಗೆ ಯಾವ ಔಷಧವೆಂದು ವೈದ್ಯರು ಆರಿಸಲಿಲ್ಲ. ಚೀಟಿ ಎತ್ತಿದಂತೆ ಕಂಪ್ಯೂಟರ್ ಆರಿಸಿತು. ವೈದ್ಯರೇ ಆರಿಸಿದರೆ ಹೆಚ್ಚು ನರಳುತ್ತಿರುವವರಿಗೆ ಔಷಧ ಕೊಡುವುದು ಸಹಜ. ಆಗ ರೋಗದಿಂದಾದ ಸಾವಿನ ಅಪವಾದ ಔಷಧದ ತಲೆಗೆ ಬರುತ್ತದೆ. ಚೀಟಿ ಎತ್ತಿದಾಗ ಎರಡು ಗುಂಪಿನಲ್ಲೂ ವೃದ್ಧರು, ಯುವಕರು, ಸಕ್ಕರೆ ಕಾಯಿಲೆಯವರು ಹೆಚ್ಚುಕಡಿಮೆ ಸಮನಾಗಿ ಬೀಳುತ್ತಾರೆ.

ಇದೇ ಪ್ರಯೋಗ ಜೂನ್ 16ರಂದು ಎರಡನೆಯ ಔಷಧದ ಗುಣ ತಿಳಿಸಿತು. ಅದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್; ದಿನಕ್ಕೆ 6 ಮಿಲಿಗ್ರಾಂ, ಹತ್ತು ದಿನ ಮೀರದಂತೆ. ವೆಂಟಿಲೇಟರಿನ ಮೇಲಿದ್ದ ನೂರು ಜನರಲ್ಲಿ 28 ದಿನಗಳೊಳಗೆ ಸುಮಾರು 41 ಮಂದಿ ಸಾಯುತ್ತಿದ್ದರೆ, ಈ ಔಷಧ ಪಡೆದವರಲ್ಲಿ ಅದು 29ಕ್ಕೆ ಇಳಿಯಿತು. ಬರೀ ಆಮ್ಲಜನಕ ಪಡೆಯುತ್ತಿದ್ದವರಲ್ಲಿ 26 ಇದ್ದದ್ದು 23 ಆಯಿತು. ಆಮ್ಲಜನಕವೇ ಬೇಕಿಲ್ಲದವರಲ್ಲಿ ಮಾತ್ರ ಪ್ರಯೋಜನ ಕಾಣಲಿಲ್ಲ. ಅವರಲ್ಲಿ ಔಷಧವಿಲ್ಲದೆ 14, ಔಷಧದೊಂದಿಗೆ 18. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಹಾನಿಯೂ ಇರಬಹುದು.

ಕಾರಣ ಹೀಗಿದೆ. ರೋಗದ ಆರಂಭದಲ್ಲಿ ವೈರಸ್ ಬೆಳೆಯುತ್ತಿರುತ್ತದೆ. ಅದನ್ನು ಎದುರಿಸಲು ದೇಹದ ರೋಗನಿರೋಧಕ ಶಕ್ತಿ ಬೇಕು. ಕಾಯಿಲೆ ಉಲ್ಬಣಿಸಿದಾಗ ಆ ಶಕ್ತಿಯೇ ಕೆರಳಿ ಶ್ವಾಸಕೋಶವನ್ನು ಕೆಡಿಸುತ್ತದೆ. ಸ್ಟೀರಾಯ್ಡ್ ಆ ಕೆರಳುವಿಕೆಯನ್ನು ತಣಿಸುತ್ತದೆ. ಮೊದಲೇ ಕೊಟ್ಟರೆ ಕಾವಲುಗಾರನನ್ನೇ ಮಲಗಿಸಿದಂತೆ.

ಮೂರನೆಯ ಗುಂಪಿನ ಈ ಅಂಕಿಯನ್ನು ಬಹಳ ಮಂದಿ ಓದಲೇ ಇಲ್ಲ. 2021ರ ಎರಡನೆಯ ಅಲೆಯಲ್ಲಿ ಜ್ವರ ಬಂದ ಮೊದಲ ದಿನಗಳಲ್ಲೇ, ಮನೆಯಲ್ಲೇ ಸ್ಟೀರಾಯ್ಡ್ ನುಂಗಿದವರಿದ್ದರು. ಮೊಬೈಲಿನಲ್ಲಿ ಹರಿದಾಡಿದ ಔಷಧ ಚೀಟಿಗಳೇ ಅವರಿಗೆ ವೈದ್ಯರು. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇವೆರಡೂ ಸೇರಿ, ಮಣ್ಣಿನಲ್ಲಿ ಸದಾ ಇರುವ ಶಿಲೀಂಧ್ರಕ್ಕೆ ಮೂಗಿನ ದಾರಿ ತೆರೆದವು. ‘ಬ್ಲ್ಯಾಕ್ ಫಂಗಸ್’ ಎಂದು ಹೆಸರಾದ ಆ ಸೋಂಕಿನಿಂದ ಕಣ್ಣು, ದವಡೆ ಕಳೆದುಕೊಂಡವರು ಕರ್ನಾಟಕದಲ್ಲೂ ಇದ್ದರು.

ಆದ್ದರಿಂದ ಮುಂದಿನ ಬಾರಿ ಇಂಥ ಸುದ್ದಿ ಕಂಡಾಗ ತಲೆಬರಹಕ್ಕೇ ನಿಲ್ಲಬೇಡಿ. ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿದ್ದರೇ? ಪ್ರಯೋಗದಲ್ಲಿದ್ದವರ ವಯಸ್ಸು, ರೋಗದ ಹಂತ ನಿಮ್ಮ ಮನೆಯವರಂತಿದೆಯೇ? ಬೇರೆಯವರು ಮಾಡಿ ನೋಡಿದಾಗಲೂ ಅದೇ ಉತ್ತರ ಬಂತೇ? ಇವಕ್ಕೆ ಉತ್ತರವಿಲ್ಲದಿದ್ದರೆ ಔಷಧದಂಗಡಿಗೆ ಓಡುವ ಅವಸರ ಬೇಡ.

ಒಂದು ಎಚ್ಚರಿಕೆ. ಮೇಲಿನದನ್ನು ಓದಿ, ಆಸ್ತಮಾ ಅಥವಾ ಸಂಧಿವಾತಕ್ಕೆ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡನ್ನು ನೀವಾಗಿಯೇ ನಿಲ್ಲಿಸಬೇಡಿ. ಬಹುದಿನ ತೆಗೆದುಕೊಂಡ ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಪ್ರಾಣಾಪಾಯವೂ ಉಂಟು. ಅದನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು.