ಜ್ವರದಲ್ಲಿ ಕಂಡ ಮನೆ

ಕೊಡೇಕಲ್ಲಿನ ನಮ್ಮ ಮನೆ ನನ್ನ ಅಜ್ಜನ ಕಾಲದ್ದು. ಮೊಳದುದ್ದ ದಪ್ಪನಾದ ಕಲ್ಲಿನ ಗೋಡೆಗಳು, ಜಂತಿಗಳ ಮೇಲೆ ಹಾಸಿದ ಮಣ್ಣಿನ ಮಾಳಿಗೆ, ನಡುಮನೆಗೆ ಬೆಳಕನ್ನಿಳಿಸುವ ಒಂದು ಬೆಳಕಿಂಡಿ. ಮಳೆಗಾಲದಲ್ಲಿ ಸೋರುವ ಈ ಮನೆಯನ್ನು ಕೆಡವಿ, ಸಿಮೆಂಟಿನ ಹೊಸ ಮನೆಯನ್ನು ಕಟ್ಟಿಸಬೇಕೆಂದು ಮಗನು ಹಟ ಹಿಡಿದಿದ್ದನು. ನಾನೂ ಒಪ್ಪಿದ್ದೆನು. ಕೆಡವುವ ಮುನ್ನ, ಹೊಸ ಬಗೆಯ ಕಟ್ಟಡಗಳಿಗೆ ಹೆಸರಾದ ಚಂಡೀಗಢವನ್ನು ಒಮ್ಮೆ ನೋಡಿಬರಬೇಕೆಂಬ ಬಹುದಿನದ ಆಸೆಯಿಂದ, ಒಂದು ಬೇಸಿಗೆಯಲ್ಲಿ ಅವನೊಡನೆ ಯಾದಗಿರಿಯಲ್ಲಿ ರೈಲು ಹತ್ತಿದೆನು. ದೆಹಲಿಯನ್ನು ದಾಟುವಷ್ಟರಲ್ಲಿ ನನಗೆ ಜ್ವರ ಬಂದಿತು.

ಚಂಡೀಗಢದಲ್ಲಿ ಎರಡು ದಿನ ವಸತಿಗೃಹದ ಹಾಸಿಗೆಯನ್ನು ಬಿಟ್ಟೇಳಲಿಲ್ಲ. ಮೂರನೆಯ ದಿನ ಜ್ವರ ಇಳಿದಂತೆ ತೋರಿತು. "ಅಪ್ಪಾ, ಇನ್ನೊಂದು ದಿನ ತಡೆಯಿರಿ" ಎಂದು ಮಗನು ಬೇಡಿದರೂ ಕೇಳದೆ ಹೊರಟೆನು.

ಮೊದಲು ಹೋದದ್ದು 10ನೆಯ ಸೆಕ್ಟರಿನ ವಾಸ್ತುಶಿಲ್ಪ ವಸ್ತುಸಂಗ್ರಹಾಲಯಕ್ಕೆ. ಆ ನಗರವು ಹುಟ್ಟಿದ ಕಥೆಯನ್ನು ಅಲ್ಲಿ ನಕ್ಷೆಗಳೂ ಮಾದರಿಗಳೂ ಹೇಳುತ್ತವೆ. 1947ರ ದೇಶವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಸೇರಿದುದರಿಂದ ಭಾರತದ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಅಮೆರಿಕದ ಆಲ್ಬರ್ಟ್ ಮೇಯರ್ ಮೊದಲ ನಕ್ಷೆಯನ್ನು ಸಿದ್ಧಪಡಿಸಿದರು. ಅವರ ಸಹೋದ್ಯೋಗಿ ಮ್ಯಾಥ್ಯೂ ನೊವಿಕಿ 1950ರಲ್ಲಿ ವಿಮಾನ ಅಪಘಾತದಲ್ಲಿ ಮಡಿದರು. ಬಳಿಕ, 1951ರಲ್ಲಿ, ಈ ಕಾರ್ಯವು ಲ ಕಾರ್ಬೂಸಿಯೇ ಅವರ ಕೈಗೆ ಬಂದಿತು. ಅವರ ಸೋದರಸಂಬಂಧಿ ಪಿಯರ್ ಜಾನರೆ, ಇಂಗ್ಲೆಂಡಿನ ದಂಪತಿಗಳಾದ ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ, ಜೊತೆಗೆ ಭಾರತದ ಅನೇಕ ತರುಣ ಶಿಲ್ಪಿಗಳು ನೆರವಾದರು.

ನಗರವನ್ನು ಸೆಕ್ಟರುಗಳಾಗಿ ವಿಂಗಡಿಸಲಾಗಿದೆ. ಒಂದೊಂದು ಸೆಕ್ಟರೂ ಸುಮಾರು 1200 ಮೀಟರ್ ಉದ್ದ, 800 ಮೀಟರ್ ಅಗಲ. ಶಾಲೆ, ಅಂಗಡಿಗಳು ನಡೆದುಹೋಗುವಷ್ಟು ಹತ್ತಿರದಲ್ಲಿರಬೇಕೆಂಬುದು ಇದರ ಉದ್ದೇಶ. ನಕ್ಷೆಯ ಮೇಲೆ ಅಂಗುಲದಷ್ಟು ಕಂಡ ದಾರಿ, ಹೊರಗೆ ಬಂದಾಗ ನನ್ನ ಸೋತ ಕಾಲುಗಳಿಗೆ ಹರದಾರಿಯಾಯಿತು. ಆಟೋರಿಕ್ಷಾ ಹಿಡಿದೆವು.

19ನೆಯ ಸೆಕ್ಟರಿನಲ್ಲಿ ಲ ಕಾರ್ಬೂಸಿಯೇ ಕೇಂದ್ರವಿದೆ. ಶಿಲ್ಪಿಗಳು ಕುಳಿತು ನಗರದ ನಕ್ಷೆಗಳನ್ನು ಬರೆದ ಹಳೆಯ ಕಚೇರಿಯೇ ಅದು. ಕಾರ್ಬೂಸಿಯೇ ಅವರು ಮನುಷ್ಯದೇಹವನ್ನೇ ಆಧಾರವಾಗಿರಿಸಿಕೊಂಡು 'ಮಾಡ್ಯುಲರ್' ಎಂಬ ಅಳತೆಯನ್ನು ರೂಪಿಸಿದ್ದರು. ಆ ಅಳತೆಯ ಮನುಷ್ಯನು 183 ಸೆಂಟಿಮೀಟರ್ ಎತ್ತರದವನು. ಕೈಯೆತ್ತಿ ನಿಂತರೆ 226 ಸೆಂಟಿಮೀಟರ್. ಗೋಡೆಗೊರಗಿ ನಿಂತಿದ್ದ ನನಗೆ ಒಂದು ಸಂದೇಹ ಮೂಡಿತು. ಕೈಯೆತ್ತಲಾರದವನಿಗೆ, ನಿಲ್ಲಲಾರದವನಿಗೆ ಯಾವ ಅಳತೆ?

ಉತ್ತರ ದೊರೆತುದು 5ನೆಯ ಸೆಕ್ಟರಿನಲ್ಲಿ. ಅಲ್ಲಿ ಪಿಯರ್ ಜಾನರೆಯವರು 1965ರವರೆಗೆ ವಾಸಿಸಿದ ಮನೆಯಿದೆ. 2017ರಲ್ಲಿ ಅದನ್ನು ವಸ್ತುಸಂಗ್ರಹಾಲಯವನ್ನಾಗಿ ತೆರೆಯಲಾಯಿತು. ಅಷ್ಟರಲ್ಲಿ ಜ್ವರ ಮರಳಿ ಏರಿತ್ತು. ಬಿಸಿಲಿನಿಂದ ಒಳಗೆ ಬಂದವನು ತತ್ತರಿಸಿದುದನ್ನು ಕಂಡು ಕಾವಲುಗಾರನು ಕುರ್ಚಿಯನ್ನಿಟ್ಟು, ನೀರು ತಂದುಕೊಟ್ಟನು. ಅಲ್ಲಿಯೇ ಕಣ್ಮುಚ್ಚಿ ಕುಳಿತೆನು.

ಕಣ್ದೆರೆದಾಗ ಮನೆ ನಿಧಾನವಾಗಿ ಕಾಣತೊಡಗಿತು. ಅಲ್ಲಿ ಅಮೃತಶಿಲೆಯಿಲ್ಲ, ಆಡಂಬರವಿಲ್ಲ. ಆ ನೆಲದಲ್ಲಿ ಸುಲಭವಾಗಿ ದೊರೆಯುವ ಇಟ್ಟಿಗೆ, ಕಲ್ಲುಗಳೇ ಅದರ ಸಾಮಗ್ರಿ. ಇಟ್ಟಿಗೆಗಳ ನಡುವೆ ಕಿಂಡಿಗಳನ್ನುಳಿಸಿ ಕಟ್ಟಿದ ಜಾಲಂಧ್ರವು ಉರಿಬಿಸಿಲನ್ನು ಸೋಸಿ ತಂಪಾದ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ, ಗಾಳಿಗೆ ಅಡ್ಡಿಮಾಡುವುದಿಲ್ಲ. ಆರೋಗ್ಯವಂತನು ಮನೆಯನ್ನು ಕಣ್ಣಿನಿಂದ ನೋಡುತ್ತಾನೆ. ರೋಗಿಯು ಮೈಯಿಂದಲೇ ಅಳೆಯುತ್ತಾನೆ. ನನ್ನ ಮೈ ಆ ಮನೆಯನ್ನು ಮೆಚ್ಚಿತು. ಮರುಕ್ಷಣವೇ, ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವ್ವನು ನನ್ನನ್ನು ಮಲಗಿಸುತ್ತಿದ್ದ ಕೊಡೇಕಲ್ಲಿನ ನಡುಮನೆ ನೆನಪಾಯಿತು. ಅದೇ ತಂಪು, ಬೆಳಕಿಂಡಿಯಿಂದಿಳಿಯುತ್ತಿದ್ದ ಅದೇ ಮೆಲುಬೆಳಕು!

ಜಾನರೆಯವರ ಕಡೆಗಾಲದ ಕಥೆಯು ಮನ ಕಲಕುವಂಥದು. ಅನಾರೋಗ್ಯದ ನಿಮಿತ್ತ ಅವರು 1965ರಲ್ಲಿ ಚಂಡೀಗಢವನ್ನು ಬಿಡಬೇಕಾಯಿತು. 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು 1970ರಲ್ಲಿ ಚಂಡೀಗಢದ ಸುಖನಾ ಸರೋವರದಲ್ಲಿ ವಿಸರ್ಜಿಸಲಾಯಿತು. ಪರದೇಶದಿಂದ ಬಂದವರೊಬ್ಬರು ಈ ನೆಲದ ಬಿಸಿಲನ್ನೂ ಗಾಳಿಯನ್ನೂ ಅರಿತು ಮನೆ ಕಟ್ಟಿ, ಕೊನೆಗೆ ಈ ನೆಲವನ್ನೇ ಸೇರಿದರು. ಈ ನೆಲದಲ್ಲಿಯೇ ಹುಟ್ಟಿದ ನಾನು ನನ್ನ ಮನೆಯ ಗುಣವನ್ನರಿಯದೆ ಅದನ್ನು ಕೆಡವಲು ಹೊರಟಿದ್ದೆನು.

"ತಮ್ಮಾ, ಮನೆಯನ್ನು ಕೆಡವುವುದು ಬೇಡ" ಎಂದೆನು. "ಸೋರುವ ಮಾಳಿಗೆಗೆ ಏನು ಮಾಡುವುದಪ್ಪಾ?" ಎಂದನು ಮಗನು. ಅವನ ಪ್ರಶ್ನೆ ನ್ಯಾಯವಾದುದೇ. ಹಳೆಯದೆಂಬ ಮಾತ್ರಕ್ಕೆ ಯಾವುದೂ ಹೊನ್ನಲ್ಲ. ಹೊಸದೆಂಬ ಮಾತ್ರಕ್ಕೆ ಹೊಳಪೂ ಅಲ್ಲ. ಊರಿಗೆ ಮರಳಿದ ಮೇಲೆ ಹುಳು ಹಿಡಿದ ಜಂತಿಗಳನ್ನು ಬದಲಿಸಿ, ಮಾಳಿಗೆಯನ್ನು ದುರಸ್ತಿಮಾಡಿಸಿದೆವು. ಹಿತ್ತಿಲಲ್ಲಿ ಮಗನ ಇಷ್ಟದಂತೆ ಸಿಮೆಂಟಿನ ಎರಡು ಕೋಣೆಗಳೆದ್ದವು. ಅವುಗಳ ಪಡುವಣ ಗೋಡೆಗೆ ಮಾತ್ರ, ಸಂಜೆಯ ಬಿಸಿಲು ಸೋಸಿ ಬರುವಂತೆ, ಇಟ್ಟಿಗೆಯ ಜಾಲಂಧ್ರವನ್ನಿರಿಸಿದೆವು. ಅದನ್ನು ಇರಿಸಬೇಕೆಂದು ಗೌಂಡಿಗೆ ಹೇಳಿದವನು ನಾನಲ್ಲ, ನನ್ನ ಮಗ.