ಎಷ್ಟು ಮಿಲಿಮೀಟರ್ ಸಸ್ಪೆನ್ಶನ್ ಸಾಕು?

ವ್ಯಾಂಕೂವರ್‌ನ ಓದುಗರಿಗೆ: ವಿಸ್ಲರ್ ಬೈಕ್ ಪಾರ್ಕ್‌ಗೆ ವರ್ಷಕ್ಕೆರಡು ಸಲ, ಉಳಿದಂತೆ ವಾರಾಂತ್ಯದಲ್ಲಿ ಮನೆ ಹತ್ತಿರದ ಕಾಡುದಾರಿ ಎಂದಿದ್ದೀರಿ. ಎರಡು ದಿನದ ಆಸೆಗೆ ವರ್ಷವಿಡೀ ಭಾರ ಹೊರಬೇಡಿ. ಹಿಂಬದಿ ಸಸ್ಪೆನ್ಶನ್ 160 ಮಿ.ಮೀ. ದಾಟಿದ ಎಂಡ್ಯೂರೊ ಬೈಕು ಬಂಡೆಯ ಇಳಿಜಾರಿನಲ್ಲಿ ಹುಲಿ. ಏರಿನಲ್ಲಿ ತೊಡೆ ಸೋಲಿಸುತ್ತದೆ, ಸಪಾಟು ದಾರಿಯಲ್ಲಿ ಮಂಕು. ಸಾಂಟಾ ಕ್ರೂಜ್ ಟಾಲ್‌ಬಾಯ್‌ನಂಥ 120ರದ್ದು ಚುರುಕು. ಆದರೆ ನಿಮ್ಮೂರ ನಾರ್ತ್ ಶೋರ್ ಬೆಟ್ಟಗಳ ಒದ್ದೆ ಬೇರು, ಬಂಡೆಗಳ ಮೇಲೆ ಅಂಗೈ ನೋಯಿಸುತ್ತದೆ, ಸವಾರನ ತಪ್ಪನ್ನೂ ಮನ್ನಿಸುವುದಿಲ್ಲ. ನನ್ನ ಮತ 140ರ ಆಸುಪಾಸಿನ ಟ್ರೇಲ್ ಬೈಕಿಗೆ. ಆ ಎರಡು ಸಲಕ್ಕೆ ವಿಸ್ಲರ್‌ನಲ್ಲೇ ಡೌನ್‌ಹಿಲ್ ಬೈಕು ಬಾಡಿಗೆಗೆ ಸಿಗುತ್ತದೆ. ಯಾವುದನ್ನು ಕೊಂಡರೂ, ಚೀಲ, ಹೆಲ್ಮೆಟ್ ಸಮೇತ ಕುಳಿತಾಗ ಹಿಂದಿನ ಶಾಕ್ ಸುಮಾರು ಶೇ 30ರಷ್ಟು ಕುಗ್ಗುವಂತೆ ಗಾಳಿ ಹೊಂದಿಸಿಕೊಳ್ಳಿ. ಅಷ್ಟನ್ನೂ ಮಾಡಿಕೊಡದ ಅಂಗಡಿಯಲ್ಲಿ ಬೈಕು ಕೊಳ್ಳಬೇಡಿ.